ಹಸಿರು ಸೀರೆಯೂ ಬಿಟ್ಟುಬಂದ ಬುಟ್ಟಿಯೂ

ಜನ ಫೋನಿನೊಳಗಿನ ಅಂಗಡಿಯಲ್ಲಿ ಬುಟ್ಟಿ ತುಂಬಿಸಿ, ದುಡ್ಡು ಕೊಡುವ ಹೊತ್ತಿಗೆ ಯಾಕೆ ಎದ್ದು ಹೋಗುತ್ತಾರೆ ಎಂದು ಆ್ಯಪು ಮಾಡಿದವರು ಬಹಳ ತಲೆ ಕೆಡಿಸಿಕೊಳ್ಳುತ್ತಾರಂತೆ. ಅಷ್ಟು ಯೋಚನೆ ಯಾಕೆ? ಶಹಾಪುರಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ಒಂದು ವಾರ ಕೂತರೆ ಸಾಕು. ಇಂಥವು ನಮ್ಮಲ್ಲಿ ನಡೆಯುತ್ತಲೇ ಇರುತ್ತವೆ. ನಾನು ಅಂಚೆ ಮಾಸ್ತರನಾಗಿದ್ದು ನಿವೃತ್ತನಾದವನು. ಹೊತ್ತು ಬೇಕಾದಷ್ಟಿದೆ, ಚಹಾ ನನ್ನ ಕಡೆಯಿಂದ.

ಈ ಸಲದ್ದು ಮಗಳ ಕುಬಸದ ಸೀರೆ. ಅವಳನ್ನು ಸುರಪುರಕ್ಕೆ ಕೊಟ್ಟಿದ್ದೇವೆ, ಚೊಚ್ಚಲ ಬಸಿರು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಸೀರೆ ತವರಿನವರೇ ಒಯ್ಯಬೇಕು. ಬಸುರಿಯರು ಹುಣಸೆಕಾಯಿ, ಮಾವಿನಕಾಯಿ ಬಯಸುತ್ತಾರೆ. ನಮ್ಮವಳು ಒಂದು ಆ್ಯಪಿನ ಸೀರೆಯ ಚಿತ್ರ ಕಳಿಸಿ, "ಅವ್ವಾ, ನನಗ ಇದಽ ಬೇಕು" ಎಂದಳು.

"ಬಯಕಿ ತೀರಸಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ," ಎಂದಳು ನನ್ನ ಹೆಂಡತಿ. ಕುಬಸಕ್ಕೆ ಹದಿನೈದು ದಿನ ಇತ್ತು. ಮೊಮ್ಮಗುವಿನ ಕಿವಿ ನನ್ನ ಬೆರಳ ತುದಿಗೆ ಬಂದು ನಿಂತಿತು.

ಮನೆ ನಂಬರು

ಸೀರೆಯನ್ನು ಬುಟ್ಟಿಗೆ ಹಾಕಿದೆ. ವಿಳಾಸ ಕೇಳಿತು. ಇದು ನನ್ನ ಕಸುಬು! "ದೊಡ್ಡ ಬೇವಿನ ಗಿಡದ ಎಡಕ್ಕೆ, ಎಮ್ಮೆ ಕಟ್ಟಿದ ಮನೆ ಅಲ್ಲ, ಅದರ ಮುಂದಿನದು" ಎಂದು ಅಕ್ಕರೆಯಿಂದ ಬರೆದೆ. ಒಪ್ಪಲಿಲ್ಲ. "ಪೋಸ್ಟ್ ಮಾಸ್ತರ ಮನಿ ಅಂತ ಬರೀರಿ, ಎಲ್ಲರಿಗೂ ಗೊತ್ತದ," ಎಂದಳು ಹೆಂಡತಿ. ಅದನ್ನೂ ಒಪ್ಪಲಿಲ್ಲ. ಅದಕ್ಕೆ ಬೇಕಾದದ್ದು ಮನೆ ನಂಬರು.

ನಂಬರು ಎಂದೋ ಬಾಗಿಲ ಪಕ್ಕದ ಗೋಡೆಯ ಮೇಲೆ ಬರೆದಿದ್ದರು. ಆಮೇಲೆ ಎಷ್ಟು ಸಲ ಸುಣ್ಣ ಬಳಿದೆವೋ. ಹೊರಗೆ ಹೋಗಿ ಚಮಚದಿಂದ ಗೋಡೆ ಕೆರೆಯತೊಡಗಿದೆ. ಎಮ್ಮೆ ಮನೆಯಾತ ಇಣುಕಿದ.

"ಏನ್ ಹುಡಕಾಕತ್ತೀರಿ ಮಾಸ್ತರ?"

"ಮನಿ ನಂಬರ್."

"ಊರ ಮಂದಿಗೆಲ್ಲಾ ಪತ್ರ ಮುಟ್ಟಿಸಿದವ್ರು ನೀವು. ನಿಮ್ಮ ಮನಿ ನಿಮಗಽ ಸಿಗವಲ್ದೇನ್ರಿ?"

ನಂಬರು ಸಿಕ್ಕಿತು. ಒಳಗೆ ಬರುವಷ್ಟರಲ್ಲಿ ಆ್ಯಪು ಕಾದು ಕಾದು ಬಾಗಿಲು ಹಾಕಿಕೊಂಡಿತ್ತು.

ಹತ್ತು ನಿಮಿಷ

ಮರುದಿನ ಮಧ್ಯಾಹ್ನ ವಿಳಾಸ ಒಪ್ಪಿತು. ಆದರೆ ಸೀರೆಯ ಕೆಳಗೆ ಕೆಂಪಕ್ಷರ: "ಈ ಬೆಲೆ ಇನ್ನು ಹತ್ತು ನಿಮಿಷ ಮಾತ್ರ." ಸೆಕೆಂಡುಗಳು ಇಳಿಯತೊಡಗಿದವು, ನನ್ನ ಎದೆಬಡಿತ ಏರತೊಡಗಿತು. ಹೆಂಡತಿ ಕ್ಯಾಲೆಂಡರ್ ನೋಡಿ ಬಂದಳು.

"ರಾಹುಕಾಲ ಮುಗಿಯಾಕ ಇನ್ನೂ ಕಾಲು ತಾಸು ಅದ. ಕುಬಸದ ಸೀರಿ ಈಗ ತಗೋತಾರೇನು? ಅಂವಗ ಜರಾ ತಡಿ ಅನ್ರಿ."

"ಯಾರಿಗೆ ಅನ್ನಲೇ? ಇದರಾಗ ಯಾರೂ ಇಲ್ಲ."

"ಯಾರೂ ಇಲ್ಲದ ಅಂಗಡ್ಯಾಗ ಇಷ್ಟು ಅವಸರ ಯಾರದ್ದು?"

ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತ ಕೂತೆವು. ಸೊನ್ನೆಗೆ ಬಂತು. ಬೆಲೆ ಹಾಗೇ ಇತ್ತು. ಗಡಿಯಾರ ಮತ್ತೆ ಹತ್ತರಿಂದ ಶುರುವಾಯಿತು. ಹೆಂಡತಿ ಫೋನು ಬೋರಲು ಹಾಕಿದಳು.

"ರಾಹುಕಾಲ ಆದ್ರೂ ದಿನಾ ಒಮ್ಮೆ ಮುಗೀತದ. ಇಂವನ ಹತ್ತು ನಿಮಿಷ ಮುಗಿಯೂದಽ ಇಲ್ಲಲ್ಲ!"

ಊಟ ಆತೇನ್ರಿ?

ಈ ಸೀರೆಗೆ ಮುಂಗಡ ದುಡ್ಡೇ ಕೊಡಬೇಕಿತ್ತು. ಅದಕ್ಕೊಂದು ಓಟಿಪಿ ಬರುತ್ತದೆ, ಮೂರು ನಿಮಿಷ ಬದುಕುತ್ತದೆ. ನನ್ನ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮು ಮಾತ್ರ ಮಗಳ ಜೊತೆ ಮದುವೆಯಾಗಿ ಸುರಪುರಕ್ಕೆ ಹೋಗಿಬಿಟ್ಟಿದೆ.

ಗುಂಡಿ ಒತ್ತಿ ಹೆಂಡತಿಗೆ ಸನ್ನೆ ಮಾಡಿದೆ. ಅವಳು ಫೋನು ಹಚ್ಚಿದಳು. ಎತ್ತಿದವರು ಬೀಗತಿ, ಅಂದರೆ ಮಗಳ ಅತ್ತೆ. ಬೀಗತಿಗೆ ಫೋನು ಮಾಡಿ ಮೊದಲ ಮಾತಿಗೇ ಅಂಕಿ ಕೇಳುವುದುಂಟೆ?

"ಆರಾಮ ಇದ್ದೀರೇನ್ರಿ? ಊಟ ಆತೇನ್ರಿ? ಏನ್ ಪಲ್ಯ ಮಾಡಿದ್ರಿ?"

ಪುಂಡಿಪಲ್ಯ. ಅದಕ್ಕೆ ಹಾಕಿದ ನುಚ್ಚಿನವರೆಗೆ ಮಾತು ಬಂತು, ಓಟಿಪಿ ತೀರಿಕೊಂಡಿತು. ಎರಡನೆಯ ಸಲ ಬೀಗರ ಮೊಣಕಾಲು ನೋವು. ಮೂರನೆಯ ಸಲ ನಾನು ತಡೆಯಲಾರದೆ ಫೋನು ಕಸಿದುಕೊಂಡು, "ಅಂಕಿ ಹೇಳ್ರಿ, ಲಗೂನ ಅಂಕಿ!" ಎಂದು ಕೂಗಿದೆ.

ಬೀಗತಿ ಗಾಬರಿಯಾಗಿ ಮಗಳನ್ನು ಕರೆದದ್ದು ನನಗೂ ಕೇಳಿಸಿತು: "ಬಾ ಯವ್ವಾ, ನಿಮ್ಮಪ್ಪನ ದನಿಯಾಗ ಯಾವನೋ ಕಳ್ಳ ಓಟಿಪಿ ಕೇಳಾಕತ್ತಾನ!"

ಚಪ್ಪಲಿ ಮೆಟ್ಟುವ ವಿದ್ಯೆ

ಕೊನೆಗೊಂದು ದಿನ ಎಲ್ಲ ಕೂಡಿ ಬಂತು. ವಿಳಾಸ ಸರಿ, ರಾಹುಕಾಲ ಕಳೆದಿದೆ, ಮಗಳೇ ಫೋನು ಹಿಡಿದು ಕೂತಿದ್ದಾಳೆ. ಗುಂಡಿಯ ಮೇಲೆ ಬೆರಳಿಟ್ಟೆ.

"ನಿಲ್ರಿ," ಎಂದಳು ಹೆಂಡತಿ. "ಹೇಳಿದ ರೇಟಿಗೇ ತಗೊಂಡು ಬರೂದು ಎಲ್ಲಿಯರೆ ಅದ ಏನು? ಮುಚ್ರಿ. ಏಳ್ರಿ."

ನಮ್ಮ ಬಜಾರಿನಲ್ಲಿ ಅವಳ ವಿದ್ಯೆ ಪ್ರಸಿದ್ಧ. ಎದ್ದು ಚಪ್ಪಲಿ ಮೆಟ್ಟಬೇಕು, ಹೊರಡಬೇಕು, ಓಣಿಯ ತಿರುವಿನ ತನಕ ಹಿಂದೆ ನೋಡಬಾರದು. ಅಂಗಡಿಯವನು ಕರೆದೇ ಕರೆಯುತ್ತಾನೆ. ಆದರೆ ಇದು ಆ್ಯಪು, ಇದಕ್ಕೆ ಕಣ್ಣೆಲ್ಲಿ, ಬಾಯೆಲ್ಲಿ ಎಂದು ನಾನು ನಕ್ಕೆ.

ಮರುದಿನ ಬೆಳಿಗ್ಗೆ ಫೋನು ಟಿಂಗ್ ಎಂದಿತು. "ನಿಮ್ಮ ಸೀರೆ ಕಾಯುತ್ತಿದೆ! ಶೇಕಡಾ ಹತ್ತು ಕಡಿಮೆ."

"ಕರದನಲ್ಲ!" ಎಂದಳು. "ತಿರುಗಿ ನೋಡಬ್ಯಾಡ್ರಿ. ಇನ್ನೂ ಇಳೀತಾನ."

ಅದರ ಮರುದಿನ ಇನ್ನೂ ಇಳಿದ: ಶೇಕಡಾ ಹದಿನೈದು ಕಡಿಮೆ. ನನ್ನ ನಗು ನಿಂತಿತು. "ತಿರುವು ಇನ್ನೂ ಬಂದಿಲ್ಲ," ಎಂದಳು. ಮೂರನೆಯ ದಿನ ಆ್ಯಪು ತೆರೆದರೆ ಸೀರೆಯ ಮೇಲೆ ಬೂದಿ ಬಣ್ಣ: "ದಾಸ್ತಾನು ಮುಗಿದಿದೆ."

ಹೆಂಡತಿಯ ಕೈ ತಾನಾಗಿ ತನ್ನ ಕಿವಿಗೆ ಹೋಯಿತು. ಕುಬಸಕ್ಕೆ ಮೂರು ದಿನ ಉಳಿದಿತ್ತು.

ಆ ಮಧ್ಯಾಹ್ನವೇ ಚಿತ್ರ ಹಿಡಿದುಕೊಂಡು ಬಜಾರಿನ ನಮ್ಮ ಹಳೆಯ ಬಟ್ಟೆ ಅಂಗಡಿಗೆ ಹೋದೆವು. ಮಗಳ ಕುಬಸಕ್ಕೆ ಎಂದೆವು. ಅಂಗಡಿಯಾತ ಚಿತ್ರ ನೋಡಿ, ಹಿಂದಿನ ಗಂಟಿನಿಂದ ಒಂದು ಸೀರೆ ಎಳೆದು ಹಾಸಿದ. ಅದೇ ಹಸಿರು, ಅದೇ ಸೆರಗು! ಬೆಲೆ ಹೇಳಿದ. ನಾನು ಕೈ ಜೇಬಿಗೆ ಹಾಕುವುದರೊಳಗೆ ಹೆಂಡತಿ ಎದ್ದುಬಿಟ್ಟಳು. ನನ್ನ ಜೀವ ಹೋಯಿತು. ಎಡಗಾಲಿನ ಚಪ್ಪಲಿ ಮೆಟ್ಟಿದ್ದಳು, ಬಲಗಾಲಿನದು ಹುಡುಕುತ್ತಿದ್ದಳು.

"ಬರ್ರಿ ಅಕ್ಕಾರ, ನಿಮ್ಮ ಮಾತಽ ಆಗಲಿ. ಬಸುರಿ ಹೆಣ್ಮಗಳ ಸೀರಿ, ತಿರುವಿನ ತನಕಾ ಯಾಕ ಬಿಸಲಾಗ ಹೋಗ್ತೀರಿ?"

ವಿಳಾಸ ಕೇಳಲಿಲ್ಲ, ಓಟಿಪಿ ಕೇಳಲಿಲ್ಲ. "ಊಟ ಆತೇನ್ರಿ?" ಎಂದಷ್ಟೇ ಕೇಳಿದ.

ಸುರಪುರದಲ್ಲಿ ಕುಬಸ ಚೆಂದ ನಡೆಯಿತು. ಮಗಳು ಹಸಿರು ಸೀರೆ ಉಟ್ಟು, ಬೆಳಗುವ ಮುಖದಿಂದ ಮಣೆಯ ಮೇಲೆ ಕೂತಿದ್ದಳು. ಮುತ್ತೈದೆಯರು ಹಾಡುತ್ತ ಆರತಿ ಎತ್ತಿದ್ದರು. ಆಗ ನನ್ನ ಜೇಬಿನಲ್ಲಿ ಟಿಂಗ್ ಎಂದಿತು. ಮೆಲ್ಲಗೆ ನೋಡಿದೆ: "ನೀವು ಬಯಸಿದ ಸೀರೆ ಮರಳಿ ಬಂದಿದೆ! ಅರ್ಧ ಬೆಲೆ."

ಆರತಿ ಹಿಡಿದು ನಿಂತಿದ್ದ ಹೆಂಡತಿಯ ಬಳಿ ಸರಿದು ಫೋನು ಚಾಚಿದೆ. ಅವಳು ಆರತಿ ತಟ್ಟೆ ಅಲುಗಿಸಲಿಲ್ಲ, ಹಾಡಿನ ನಡುವೆಯೇ ನನ್ನ ಕಿವಿಯಲ್ಲಿ ಅಂದಳು:

"ತಿರುಗಿ ನೋಡಬ್ಯಾಡ್ರಿ. ಇನ್ನೂ ಇಳೀತಾನ."