ನಮ್ಮ ತೊಟ್ಟಿಯ ಸಾಲಮಾಂಡರ್

ಕಣ್ಣಿಂದ ಒಮ್ಮೆಯೂ ನೋಡದ ಪ್ರಾಣಿಯ ಮೇಲೆ ಪ್ರೀತಿ ಹುಟ್ಟಬಾರದು. ಹುಟ್ಟಿದರೂ ಮನೆಯಲ್ಲಿ ಹೇಳಬಾರದು. ನನ್ನ ಕೈಲಿ ಎರಡೂ ಆಗಲಿಲ್ಲ. ನನ್ನ ಪ್ರಾಣಿಯ ಹೆಸರು ಸಾಲಮಾಂಡರ್. ನೋಡಲು ಹಲ್ಲಿ, ಆದರೆ ಕಪ್ಪೆಯ ಬಳಗ. ಹಲ್ಲಿಗಿರುವ ಹಾಗೆ ಮೈಮೇಲೆ ಹುರುಪೆಯಿಲ್ಲ, ಒದ್ದೊದ್ದೆ ನುಣುಪು ಚರ್ಮ. ಕೆಲವು ಜಾತಿಗಳಿಗೆ ಶ್ವಾಸಕೋಶವೇ ಇಲ್ಲ, ಚರ್ಮದಲ್ಲೇ ಉಸಿರಾಡಿಕೊಂಡು ಇರುತ್ತವೆ. ಕಾಲು ಕಡಿದುಹೋದರೆ ನುಗ್ಗೆ ಟೊಂಗೆಯ ಹಾಗೆ ಮತ್ತೆ ಚಿಗುರಿಸಿಕೊಳ್ಳುತ್ತವೆ. ಡೈನೋಸಾರ್‌ಗಳು ಬಂದು, ಮೆರೆದು, ಮಣ್ಣಾಗಿ ಹೋದವಲ್ಲ, ಅಷ್ಟೂ ಹೊತ್ತು ಇವರ ವಂಶದವರು ಒದ್ದೆ ಕಲ್ಲಿನ ಕೆಳಗೆ ಸುಮ್ಮನೆ ಮಲಗಿದ್ದರು. ಇದನ್ನೆಲ್ಲ ನನಗೆ ಯಾರೂ ಕಲಿಸಲಿಲ್ಲ. ಬಿ.ಕಾಂ. ಓದಿದವಳಿಗೆ ಯಾರು ಕಲಿಸುತ್ತಾರೆ? ನ್ಯಾಮತಿಯ ನಮ್ಮ ಮನೆ ಕಟ್ಟೆಯ ಮೇಲೆ ಕೂತು ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತಾ ಫೋನಿನಲ್ಲಿ ನೋಡಿ ಕಲಿತದ್ದು. ಯಾರದಾದರೂ ಬ್ಲೌಸಿನ ಹುಕ್ಕು ಸೊಟ್ಟಗೆ ಕೂತಿದ್ದರೆ, ಆವತ್ತು ಸಾಲಮಾಂಡರ್ ಮೊಟ್ಟೆಯಿಡುವ ವಿಡಿಯೊ ಬಂದಿತ್ತು ಅಂತ ತಿಳಿಯಬೇಕು.

ತೊಂದರೆ ಏನೆಂದರೆ, ನಮ್ಮ ದೇಶದಲ್ಲಿ ಅವು ಇರುವುದು ಡಾರ್ಜಿಲಿಂಗ್ ಕಡೆಯ ಬೆಟ್ಟಗಳಲ್ಲಿ. ನೀರಿಗೆ ಹೆಚ್ಚು ಒಗ್ಗಿದ ಈ ಜಾತಿಗೆ ನ್ಯೂಟ್ ಅನ್ನುತ್ತಾರೆ. ಮಳೆ ಶುರುವಾದರೆ ಮೊಟ್ಟೆಯಿಡಲು ಹೊಂಡ ಹುಡುಕಿಕೊಂಡು ನಡೆದು ಬರುತ್ತವೆ. ಅಲ್ಲಿ ಎಷ್ಟೋ ಹೊಂಡಗಳಿಗೆ ಮಣ್ಣು ಸುರಿದು ಮನೆ, ರಸ್ತೆ ಮಾಡಿದ್ದಾರೆ. ನಡೆದು ಬಂದ ಪ್ರಾಣಿ ಯಾರದೋ ಗೋಡೆಯ ಮುಂದೆ ನಿಂತು ಏನಂದುಕೊಳ್ಳುತ್ತದೋ ಎಂದು ಯೋಚಿಸುತ್ತಾ ನಾನು ಅನ್ನ ಸೀಯಿಸಿದ್ದೇನೆ. ಇದನ್ನು ಅವ್ವನಿಗೆ ವಿವರಿಸಿದ್ದಕ್ಕೆ ಅವಳು ಅಂದದ್ದು ಇಷ್ಟು: "ಅದು ಗ್ವಾಡಿ ಮುಂದೆ ನಿಂತಿದ್ರೆ ನೀನ್ಯಾಕೆ ಒಲಿ ಮುಂದೆ ನಿಲ್ಲಲ್ಲ?"

ಹೀಗಿರುವಾಗ ಹೋದ ಮಳೆಗಾಲದಲ್ಲಿ ನಮ್ಮ ಅಂಗಳದ ಸಿಮೆಂಟಿನ ತೊಟ್ಟಿಯಲ್ಲಿ ಅದು ಕಾಣಿಸಿತು. ಹಸಿರುಗಟ್ಟಿದ ನೀರು, ಮಧ್ಯಾಹ್ನದ ಬಿಸಿಲು ಕೋಲಿನಂತೆ ತಳದವರೆಗೆ ಇಳಿದಿತ್ತು. ಆ ಬೆಳಕಿನಲ್ಲಿ ನಾಲ್ಕು ಕಾಲು, ಒಂದು ಉದ್ದ ಬಾಲದ ಜೀವವೊಂದು ತೇಲುತ್ತಾ ನಿಂತಿತ್ತು. ನನಗೆ ನ್ಯಾಮತಿ ಮರೆತೇಹೋಯಿತು. ಹೊನ್ನಾಳಿ ಬಸ್ಸಿನ ಹಾರನ್ನು ಎಲ್ಲೋ ದೂರದ ಬೆಟ್ಟದಲ್ಲಿ ಕೇಳಿದಂತಾಯಿತು. ತೊಟ್ಟಿಯ ಅಂಚಿಗೆ ಗದ್ದವೂರಿ ಕೂತರೆ ಕಣ್ಣ ಮುಂದೆ ಮಂಜು ಇಳಿಯುತ್ತಿತ್ತು. ನಿಜ ಹೇಳಬೇಕೆಂದರೆ ಕೆಲವು ಲೆಕ್ಕ ಕೂಡುತ್ತಿರಲಿಲ್ಲ. ಸಾಲಮಾಂಡರ್ ಮರಿಗೆ ಮೊದಲು ಮುಂಗಾಲು ಬರುತ್ತದೆ, ಇದಕ್ಕೆ ಹಿಂಗಾಲೇ ದಪ್ಪಗಿತ್ತು. ಮರಿಯ ಕತ್ತಿನ ಪಕ್ಕ ಗರಿಯಂಥ ಕಿವಿರು ಇರಬೇಕು, ಇದಕ್ಕೆ ಇರಲಿಲ್ಲ. ಹೊಸ ಜಾತಿಯಿರಬೇಕು ಅಂದುಕೊಂಡೆ. ಮನಸ್ಸಿಗೆ ಬೇಕಾದ್ದನ್ನು ನೋಡಲು ಕಣ್ಣಿಗೆ ಎಷ್ಟು ಹೊತ್ತು?

ಅದೇ ವಾರ ಹೊನ್ನಾಳಿಯಿಂದ ಅಣ್ಣನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬರುವವರಿದ್ದರು. ಅಣ್ಣ ಮಂಜ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಈಗ ಇಂಥ ಹುಡುಗರಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಚನ್ನಗಿರಿ, ಜಗಳೂರು ಕಡೆಯ ಸಂಬಂಧಗಳೆಲ್ಲ ಚಹಾ ಕುಡಿದು ಎದ್ದು ಹೋಗಿದ್ದವು. ಈ ಹುಡುಗಿಗೆ ಅಣ್ಣ ಒಪ್ಪಿಗೆಯಾಗಿದ್ದ, ಅಣ್ಣನಿಗೆ ಹುಡುಗಿಯ ಹೆಸರು ಹೇಳಿದರೇ ಕಿವಿ ಕೆಂಪಾಗುತ್ತಿತ್ತು. ಹಿರಿಯರು ಮನೆ ಒಪ್ಪಬೇಕು, ಅಷ್ಟೇ ಬಾಕಿ. ಅವ್ವ ತೊಟ್ಟಿ ತೊಳೆಯಲು ಪೊರಕೆ ಹಿಡಿದು ಬಂದಳು. ನಾನು ಅಡ್ಡ ನಿಂತೆ. ಕೊನೆಗೆ, ಬಂದವರ ಕಾಲಿಗೆ ಬೇರೆ ಕೊಡದಲ್ಲಿ ನೀರಿಡುವ ಜವಾಬ್ದಾರಿ ನನ್ನದು ಅಂತ ರಾಜಿಯಾಯಿತು.

ಅವರು ಬಂದ ದಿನ ನಾನು ತೊಟ್ಟಿಯ ಹತ್ತಿರ ಕೂತಿದ್ದೆ. ಕೊಡ ಖಾಲಿಯಿತ್ತು. ಡಾರ್ಜಿಲಿಂಗಿನಿಂದ ವಾಪಸು ಬರುವಷ್ಟರಲ್ಲಿ ಹುಡುಗಿಯ ಸೋದರಮಾವ ಚೊಂಬನ್ನು ತೊಟ್ಟಿಗೇ ಅದ್ದಿ ಎಡಗಾಲಿನ ಮೇಲೆ ಸುರಿದುಕೊಂಡಿದ್ದರು. ನೀರಿನ ಜೊತೆ ನನ್ನ ಪ್ರಾಣಿಯೂ ಸುರಿದು ಅವರ ಪಾದದ ಮೇಲೆ ಕೂತಿತು.

"ಅಯ್ಯಯ್ಯೋ, ಹಲ್ಲಿ! ಕಾಲ ಮ್ಯಾಲೆ ಬಿತ್ತಲ್ರೀ!"

ಹಿಂದೆ ನಿಂತಿದ್ದ ಅವರ ತಾಯಿ, ಅಂದರೆ ಹುಡುಗಿಯ ಅಜ್ಜಿ, "ಯಾವ ಕಾಲೋ?" ಅಂದರು.

"ಎಡಗಾಲು ಕಣವ್ವಾ."

"ಹಂಗಾರೆ ನಡಿ, ಹೋಗಾನ. ಹಿಡಿದ ಕೆಲ್ಸ ಕೆಡ್ತೈತೆ. ಮನಿ ನೋಡಾಕೆ ಬಂದ ದಿನಾನೇ ಹಿಂಗಾದ್ರೆ ಮುಂದೆ ಹೆಂಗೆ?"

ಬಾಗಿಲಲ್ಲಿ ಹೊಸ ಅಂಗಿ ಹಾಕಿಕೊಂಡು ನಿಂತಿದ್ದ ಅಣ್ಣನ ಮುಖ ಸುಟ್ಟ ಮೋಟರಿನಂತಾಯಿತು. ನಾನು ಓಡಿಹೋಗಿ ಅದನ್ನು ಅಂಗೈಗೆ ತೆಗೆದುಕೊಂಡು, "ಇದು ಹಲ್ಲಿ ಅಲ್ಲ ಮಾವ!" ಅಂದೆ.

"ಬಾಲ ಐತಲ್ಲವ್ವಾ?"

"ಬಾಲ ಇದ್ದಾಕ್ಷಣ ಹಲ್ಲಿ ಆಗಲ್ರೀ. ಹಂಗಾದ್ರೆ ಎಮ್ಮಿನೂ ಹಲ್ಲಿನೇ."

"ಮತ್ತೇನಿದು ಹೇಳು."

ಸಾಲಮಾಂಡರ್ ಅಂದಿದ್ದರೆ ಅವರ ಪಾಲಿಗೆ ಅದು ಇಂಗ್ಲಿಷ್ ಹಲ್ಲಿಯಾಗುತ್ತಿತ್ತು, ಸಂಬಂಧ ಅಲ್ಲಿಗೇ ಮುಗಿಯುತ್ತಿತ್ತು. ಅಂಗೈ ನೋಡಿದೆ. ಅಗಲ ಬಾಯಿ, ಉಬ್ಬಿದ ಕಣ್ಣು. ಬಾಲ ಮೊನ್ನೆಗಿಂತ ಮೋಟಾಗಿತ್ತು. ಸಾಲಮಾಂಡರ್ ಬಾಲ ಸಾಯುವವರೆಗೂ ಕರಗುವುದಿಲ್ಲ ಅಂತ ನನಗಿಂತ ಚೆನ್ನಾಗಿ ಆ ಅಂಗಳದಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಕಪ್ಪಿ, ಮಾವ. ಬಾಲ ಇನ್ನೂ ಪೂರ್ತಿ ಕರಗಿಲ್ಲ, ಅಷ್ಟೇ."

ಅಷ್ಟರಲ್ಲಿ ಅದು ಟಣ್ಣನೆ ಜಿಗಿದು ತೊಟ್ಟಿಯ ಮರೆಗೆ ಹೋಯಿತು. ಬೆಟ್ಟ, ಮಂಜು ಎಲ್ಲ ಅದರ ಹಿಂದೆಯೇ ಹೋದವು. ಅಜ್ಜಿ ಮಾತ್ರ ನಕ್ಕರು. "ಕಪ್ಪಿ ಆದ್ರೆ ಒಳ್ಳೇದೇ ಬಿಡು. ಮಳಿ ಬರ್ಲಿ ಅಂತ ಹೋದ್ವರ್ಷ ನಾವೇ ಕಪ್ಪಿ ಮದ್ವಿ ಮಾಡಿದ್ವಿ."

ಅವ್ವ ಈ ಅವಕಾಶ ಬಿಡಲಿಲ್ಲ. "ಕಪ್ಪಿಗೇ ಮದ್ವಿ ಮಾಡಿಸೀರಿ, ನಮ್ಮ ಮಂಜಂಗೆ ಮಾಡಿಸಾಕೆ ಆಗಲ್ಲೇನ್ರಿ ಯವ್ವಾ? ಒಳಗೆ ಬರ್ರಿ, ಕುಂದುರ್ರಿ."

ಒಳಗೆ ಬಂದರು, ಕೂತರು, ಚಹಾ ಕುಡಿದ ಮೇಲೂ ಎದ್ದು ಹೋಗಲಿಲ್ಲ. ಮದುವೆ ಆಯಿತು. ಆದರೆ ಹೊನ್ನಾಳಿಯಲ್ಲಿ ನಾನೀಗ ಹಲ್ಲಿ ಶಾಸ್ತ್ರದ ದೊಡ್ಡ ಪಂಡಿತಳು. ಬೀಗರ ಕಡೆ ಯಾರ ಹೆಗಲ ಮೇಲೆ, ತಲೆಯ ಮೇಲೆ ಏನೇ ಬೀಳಲಿ, ಆ ಮಾವ ಮೊದಲು ಫೋಟೋ ಹೊಡೆದು ನನಗೆ ಕಳಿಸಿ, "ಇದು ಹಲ್ಲಿನೋ ಅಲ್ವೋ ಹೇಳಿಬಿಡವ್ವ" ಅನ್ನುತ್ತಾರೆ. ಶಕುನ ನಂಬದ ನಾನು ಹುಕ್ಕು, ಸೂಜಿ ಬದಿಗಿಟ್ಟು, ಫೋಟೋವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ಉಸಿರು ಹಿಡಿದು ನೋಡುತ್ತೇನೆ. ಇದುವರೆಗೂ ಎಲ್ಲವೂ ಗೋಡೆ ಹಲ್ಲಿಗಳೇ. "ಹಲ್ಲಿನೇ ಮಾವ" ಅಂತ ಬರೆದಾಗ ಅವರು ಬೇಜಾರು ಮಾಡಿಕೊಳ್ಳುತ್ತಾರೆ. ಅವರಿಗಿಂತ ಹೆಚ್ಚು ಬೇಜಾರು ನನಗಾಗುತ್ತದೆ ಅಂತ ಪಾಪ, ಅವರಿಗೇನು ಗೊತ್ತು.