ಮೂರು ಟ್ರಂಕಿನ ಉದ್ಘಾಟನೆ

ಮೈದಾ ಅಂಟು ಕಾಯಿಸುವಾಗ ಸೌಟು ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಗಂಟು ಬೀಳುತ್ತದೆ, ಇಲ್ಲವೇ ತಳ ಹಿಡಿಯುತ್ತದೆ. ಗೋವಿಂದರಾಜು ಬೆಳಿಗ್ಗೆ ಬೆಳಿಗ್ಗೆಯೇ ಲುಂಗಿ ಎತ್ತಿ ಕಟ್ಟಿ, ಒಲೆ ಮುಂದೆ ನಿಂತು ಒಂದೇ ಸಮನೆ ತಿರುವುತ್ತಿದ್ದ. ಹಿಂದೆ ಹೆಂಡತಿ ಮುನಿಗಂಗಮ್ಮ ಹಾಲಿನ ಪಾಕೆಟ್ ಹಿಡಿದುಕೊಂಡು ಕಾಯುತ್ತಿದ್ದಳು. ಅವಳ ಹಾಲಿನ ಪಾತ್ರೆಯಲ್ಲೇ ಅಂಟು ಕುದಿಯುತ್ತಿತ್ತು.

“ಆ ಲೈಬ್ರರೀನ ನಿಮ್ಮ ಹೆಸರಿಗೆ ಖಾತೆ ಮಾಡ್ಕೊಟ್ಟವ್ರೇನ್ರೀ?” ಎಂದಳು.

“ಇವತ್ತೊಂದಿನ ತಡ್ಕೊ. ಇವತ್ತು ಟ್ರಂಕ್ ತೆಗೀತಾರೆ. ಹೊಸ ಸ್ಟಾಕ್ ಬರೋ ದಿನ ಹಳೇ ಸ್ಟಾಕೂ ನೆಟ್ಟಗೆ ಕಾಣ್ಬೇಕು.”

“ದೀಪಾವಳೀಲೂ ಹಿಂಗೇ ಅಂದಿದ್ರಿ,” ಎಂದು ಮುನಿಗಂಗಮ್ಮ ಹಾಲು ಕಾಯಿಸಿಕೊಳ್ಳಲು ಪಕ್ಕದ ಮನೆಗೆ ಹೋದಳು.

ಗೋವಿಂದರಾಜು ಪಿಲ್ಲಗುಂಪೆಯ ಒಂದು ಬೋಲ್ಟು ಫ್ಯಾಕ್ಟರಿಯಲ್ಲಿ ಸ್ಟೋರ್ ನೋಡಿಕೊಂಡಿದ್ದು ರಿಟೈರ್ ಆದವನು. ಒಂದು ದಿನ ಪೇಪರ್ ಓದಲು ಹುಣಸೆಕಟ್ಟೆಯ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿದ್ದ. ಅಲ್ಲಿನ ಗ್ರಂಥಪಾಲಕಿ ಅಕ್ಷತ, ಪಂಚಾಯಿತಿಯವರು ಯಾವುದೋ ಸರ್ವೆಗೆ ಕರೆದಿದ್ದಾರೆ, ಒಂದು ಗಳಿಗೆ ಈ ಮಕ್ಕಳನ್ನು ನೋಡಿಕೊಳ್ಳಿ ಅಣ್ಣ ಎಂದಳು. ಆ ಒಂದು ಗಳಿಗೆ ಎರಡು ವರ್ಷವಾಗಿ ಬೆಳೆದಿತ್ತು. ಪ್ರತಿ ಶನಿವಾರ ಅವನು ಮಕ್ಕಳಿಗೆ ಕತೆ ಓದಿ ಹೇಳಬೇಕು. ಸಂಬಳವಿಲ್ಲ, ಕಾಫಿಯೂ ಇಲ್ಲ. ಸ್ವಯಂಸೇವಕ ಎಂಬ ಹೆಸರು ಮಾತ್ರ ಉಂಟು.

ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕ ಇದ್ದದ್ದು ಬೆರಳೆಣಿಕೆಯಷ್ಟು. ಇದ್ದವಕ್ಕೂ ಕೊನೆಯ ಪುಟಗಳಿರಲಿಲ್ಲ. ಪುಸ್ತಕ ಹರಿದರೆ ಮೊದಲು ಹೋಗುವುದೇ ಬಾಲ. ಹೀಗಾಗಿ ಗೋವಿಂದರಾಜು ಕತೆಯ ಮುಕ್ಕಾಲು ಪಾಲು ಓದಿ, ಮಿಕ್ಕ ಕಾಲು ಪಾಲು ತಾನೇ ಕಟ್ಟಿ ಹೇಳುತ್ತಿದ್ದ. ಒಂದು ವಾರ ಕಟ್ಟಿದ್ದು ಇನ್ನೊಂದು ವಾರಕ್ಕೆ ನೆನಪಿರುತ್ತಿರಲಿಲ್ಲ. ಮಕ್ಕಳಿಗೆ ನೆನಪಿರುತ್ತಿತ್ತು. ಬರಬರುತ್ತಾ ಮಕ್ಕಳು ಕಮ್ಮಿಯಾದರು.

ಇಲ್ಲೇ ಇರುವುದು ಹೊಟ್ಟೆ ಉರಿಯುವ ವಿಷಯ. ಅದೇ ಗ್ರಂಥಾಲಯದ ಮೂಲೆಯಲ್ಲಿ ಮೂರು ಟ್ರಂಕಿನ ತುಂಬ ಹೊಸ ಮಕ್ಕಳ ಪುಸ್ತಕಗಳು ಬೀಗ ಹಾಕಿಸಿಕೊಂಡು ಕೂತಿದ್ದವು. ಹೊಲಗಳನ್ನೆಲ್ಲ ಸೈಟು ಮಾಡಿ ಮಾರಿ ಸಮಾಜಸೇವಕನಾದ ಲೇಔಟ್ ಹನುಮಂತರಾಯಪ್ಪ ತನ್ನ ಹೋದ ಹುಟ್ಟುಹಬ್ಬಕ್ಕೆ ದಾನ ಕೊಟ್ಟದ್ದು. ಟ್ರಂಕಿನ ಮುಚ್ಚಳದ ಮೇಲೆ ಅವನೇ ಕೈಮುಗಿದು ನಗುತ್ತಿರುವ ಫೋಟೋ. ನಾನೇ ಬಂದು ಉದ್ಘಾಟನೆ ಮಾಡ್ತೀನಿ, ಅಲ್ಲೀತನಕ ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದವನು ದಸರಾಕ್ಕೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ಪುಸ್ತಕವೇನು ಉಪ್ಪಿನಕಾಯಿಯೇ, ಬಾಯಿ ಕಟ್ಟಿ ಇಟ್ಟಷ್ಟೂ ರುಚಿ ಬರಲಿಕ್ಕೆ? ಕೇಳುವವರಿಲ್ಲ. ಬೀಗದಕೈ ಪಂಚಾಯಿತಿ ಅಧ್ಯಕ್ಷೆಯ ಗಂಡ ದೊಡ್ಡಬೀರಪ್ಪನ ಉಡುದಾರದಲ್ಲಿ. ಹೆಂಡತಿ ಅಧ್ಯಕ್ಷೆಯಾದ ದಿನದಿಂದ ಊರಿನ ಎಲ್ಲ ಬೀಗದಕೈಯೂ ಆ ಉಡುದಾರಕ್ಕೇ ಬಂದು ಸೇರಿದ್ದವು. ಅವನು ನಡೆದು ಬಂದರೆ ಬೀದಿಯ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದವು.

ಗೋವಿಂದರಾಜು ಸುಮ್ಮನೆ ಕೂತವನಲ್ಲ. ಸಂಕ್ರಾಂತಿ ಕಳೆದ ಮಾರನೆಯ ದಿನವೇ ಮೇಲಿನ ಕಚೇರಿಗೆ ಕೆಂಡದಂಥ ಒಂದು ಅರ್ಜಿ ಬರೆದು ಅಕ್ಷತಳ ಕೈಗೆ ಕೊಟ್ಟಿದ್ದ. ಅವಳ ಸಹಿ ಬಿದ್ದು, ಅವಳ ಮೂಲಕವೇ ಹೋಗಬೇಕು. ಅವಳ ಕೆಲಸವೋ ಪಂಚಾಯಿತಿಯ ದಯೆಯ ಮೇಲೆ ನಿಂತದ್ದು. “ಇನ್ನೊಂದ್ ವಾರ ನೋಡೋಣ ಅಣ್ಣ,” ಎಂದು ಮೇಜಿನ ಡ್ರಾಯರಿಗೆ ಹಾಕಿದಳು. ಪ್ರತಿ ಶನಿವಾರ ಅವನು ಕೇಳುವುದು, ಪ್ರತಿ ಶನಿವಾರ ಅವಳು ಇನ್ನೊಂದ್ ವಾರ ಎನ್ನುವುದು. ಬೇಸಿಗೆ ರಜೆ ಬಂತು, ಕೊನೆಗೂ ಹನುಮಂತರಾಯಪ್ಪ ಒಂದು ದಿನ ಗೊತ್ತು ಮಾಡಿದ. ಹೋದ ಶನಿವಾರ ಉಳಿದಿದ್ದ ಮಕ್ಕಳೂ ಎದ್ದು ಹೊರಟಾಗ ಗೋವಿಂದರಾಜು ಕೈ ಅಡ್ಡ ಹಿಡಿದು ಮಾತು ಕೊಟ್ಟುಬಿಟ್ಟ: ಮುಂದಿನ ವಾರ ಉದ್ಘಾಟನೆ ಗ್ಯಾರಂಟಿ, ಹೊಸ ಪುಸ್ತಕ ನಿಮ್ಮ ಕೈಗೆ ಬರದಿದ್ದರೆ ನೀವು ಇನ್ನು ಈ ಕಡೆ ತಲೆ ಹಾಕಬೇಡಿ.

ಆ ಮುಂದಿನ ವಾರವೇ ಇವತ್ತು.

ರಿಪೇರಿಗೆಂದು ಮನೆಗೆ ತಂದಿದ್ದ ಹಳೆಯ ಪುಸ್ತಕಗಳ ಬೆನ್ನಿಗೆಲ್ಲ ಧಾರಾಳವಾಗಿ ಅಂಟು ಬಳಿದು, ಹಸಿಹಸಿಯಾಗಿಯೇ ಚೀಲಕ್ಕೆ ಹಾಕಿಕೊಂಡು ಅವನು ಗ್ರಂಥಾಲಯಕ್ಕೆ ಬಂದಾಗ ಮುಂದುಗಡೆ ಶಾಮಿಯಾನ ಎದ್ದಿತ್ತು. ಹೊಸಕೋಟೆಯ ನಜೀಬುಲ್ಲಾ ಮೈಕು ಕಟ್ಟುತ್ತಿದ್ದ. ಮೂರು ಟ್ರಂಕಿಗೂ ಕೆಂಪು ರಿಬ್ಬನ್ ಸುತ್ತಿ ವೇದಿಕೆಯ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ಹರಿವಾಣ, ಅದರಲ್ಲಿ ಕುಂಕುಮ, ಕತ್ತರಿ, ಒಂದು ಗುಲಾಬಿ ಮತ್ತು ಉಡುದಾರದಿಂದ ಬಿಡುಗಡೆಯಾದ ಬೀಗದಕೈ. ಊರಿನ ಮಕ್ಕಳನ್ನೆಲ್ಲ ಎಣ್ಣೆ ಹಚ್ಚಿ ಬಾಚಿ, ಸಾಲಾಗಿ ಕೂರಿಸಿ, ಅಲ್ಲಾಡಕೂಡದು ಎಂದು ದೊಡ್ಡಬೀರಪ್ಪ ಕಟ್ಟಪ್ಪಣೆ ಮಾಡಿದ್ದ.

ಹನುಮಂತರಾಯಪ್ಪ ಬರಲಿಲ್ಲ. ಹೊರಟಿದ್ದಾರೆ ಎಂದು ಫೋನು ಬಂತು. ಯಾವುದೋ ಗೃಹಪ್ರವೇಶಕ್ಕೆ ಒಂದು ನಿಮಿಷ ಇಳಿದಿದ್ದಾರೆ ಎಂದು ಬಂತು. ಅಲ್ಲಿ ಊಟಕ್ಕೆ ಬಲವಂತ ಮಾಡುತ್ತಿದ್ದಾರೆ ಎಂದೂ ಬಂತು. ಬಿಸಿಲು ಶಾಮಿಯಾನದ ತೂತುಗಳಲ್ಲಿ ಇಳಿದು ಮಕ್ಕಳ ತಲೆಯ ಎಣ್ಣೆ ಕಾಯಿಸತೊಡಗಿತು. ಕೊಡಲೆಂದು ತಂದಿದ್ದ ಬೂಂದಿ ಲಾಡಿನ ತಟ್ಟೆಗೆ ಬಟ್ಟೆ ಮುಚ್ಚಿ, ಅಣ್ಣೋರು ಬರೋತನಕ ಇದನ್ನೂ ಮುಟ್ಟೋ ಹಾಗಿಲ್ಲ ಎಂದರು. ಮಕ್ಕಳು ಹಪ್ಪಳದಂತೆ ಒಂದೊಂದಾಗಿ ಸೊಟ್ಟಗಾಗುತ್ತಿದ್ದವು.

“ಏನಪ್ಪಾ ಗೋವಿಂದರಾಜು, ನೀನು ಇರೋದು ಯಾತಕ್ಕೆ? ಒಂದು ಕತೆ ಬಿಡು ಮೈಕಲ್ಲಿ,” ಎಂದು ದೊಡ್ಡಬೀರಪ್ಪ ಹಾರ ಹಿಡಿದು ಮೈನ್ ರೋಡಿನ ಕಡೆ ಹೊರಟ.

ಗೋವಿಂದರಾಜು ನರಿಯ ಕತೆ ಶುರು ಮಾಡಿದ. ಅವನು ಒಂದು ಸಾಲು ಹೇಳುವ ಮೊದಲೇ ಮಕ್ಕಳು ಮುಂದಿನ ಸಾಲನ್ನು ಮಗ್ಗಿಯಂತೆ ಒಪ್ಪಿಸಿದವು. ಅವನು ಬೆವರು ಒರೆಸಿಕೊಂಡು, ಊರವರೆಲ್ಲ ಇದ್ದಾರಲ್ಲ, ಕೊನೆ ಚೆನ್ನಾಗಿರಲಿ ಎಂದು ನರಿಗೆ ಮದುವೆ ಮಾಡಿಸಿದ.

ಮುಂದಿನ ಸಾಲಿನ ಕೀರ್ತನ ಎದ್ದು ನಿಂತಳು. “ಮಾಮ, ಹೋದ ವಾರ ನರಿ ಬಾವೀಲಿ ಬಿದ್ದು ಸತ್ತೋಗಿತ್ತು. ಸತ್ತೋಗಿರೋದಕ್ಕೆ ಹೆಂಗೆ ಮದ್ವೆ ಮಾಡ್ತೀರ?”

ಶಾಮಿಯಾನವೆಲ್ಲ ನಕ್ಕಿತು. ನಜೀಬುಲ್ಲಾ ಮೈಕಿನ ವೈರು ಹಿಡಿದುಕೊಂಡೇ ಕೂತುಬಿಟ್ಟ. ಅವಳ ಪಕ್ಕದ ಅರ್ಮಾನ್ ಮಾತ್ರ ನಗಲಿಲ್ಲ. ಮಾಮ ಮಾತು ಕೊಟ್ಟು ತಪ್ಪಿದ್ರು, ನಡೀರೋ ಹೋಗಣ ಎಂದು ಚಡ್ಡಿಯ ಧೂಳು ಕೊಡವಿಕೊಂಡ.

ಗೋವಿಂದರಾಜುವಿನ ತಲೆಯಲ್ಲಿ ಏನೋ ಕುದಿದು ಉಕ್ಕಿತು. ಒಬ್ಬನ ಊಟ ಮುಗಿಯಲಿಲ್ಲವೆಂದು ಊರ ಮಕ್ಕಳೆಲ್ಲ ಬಿಸಿಲಲ್ಲಿ ಒಣಗಬೇಕೆ? ಕೊಟ್ಟ ಮೇಲೆ ಅದು ಕೊಟ್ಟವನದೋ, ಇಸಕೊಂಡವರದೋ? ಅವನು ಹರಿವಾಣಕ್ಕೆ ಕೈ ಹಾಕಿದ. ಅಕ್ಷತ ಬೇಡ ಅಣ್ಣ ಎನ್ನುವಷ್ಟರಲ್ಲಿ ನಡುವಿನ ಟ್ರಂಕಿನ ರಿಬ್ಬನ್ ಪಕ್ಕಕ್ಕೆ ಜಾರಿತ್ತು, ಬೀಗ ಬಾಯಿ ಬಿಟ್ಟಿತ್ತು.

ಹೊಸ ಕಾಗದದ ವಾಸನೆ ಬಂತು. ಆಮೇಲೆ ಒಂದು ಸದ್ದಿಲ್ಲ. ಗಲಾಟೆಗೇ ಹುಟ್ಟಿದ್ದ ಅರ್ಮಾನ್ ನೆಲದ ಮೇಲೆ ಬೋರಲು ಮಲಗಿ ಆನೆಯ ಚಿತ್ರದಲ್ಲಿ ಮುಳುಗಿಹೋದ. ಕೀರ್ತನ ಮೊದಲು ಪುಸ್ತಕ ತಿರುಗಿಸಿ ಕೊನೆಯ ಪುಟ ಇದೆಯೋ ಇಲ್ಲವೋ ನೋಡಿದಳು. ಇತ್ತು. ಓದಲಿಲ್ಲ, ಇದೆಯಲ್ಲ ಎಂಬ ಧೈರ್ಯದಿಂದ ಮೊದಲ ಪುಟಕ್ಕೆ ಬಂದು ನಿಧಾನವಾಗಿ ಶುರು ಮಾಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಗೋವಿಂದರಾಜು ಬಾಯಿ ಮುಚ್ಚಿಕೊಂಡು ಕುರ್ಚಿಯ ಮೇಲೆ ಕೂತ.

ಅಷ್ಟರಲ್ಲಿ ಮೈನ್ ರೋಡಿನಲ್ಲಿ ಪಟಾಕಿ ಸಿಡಿಯಿತು.

ಕೊಡ್ರಪ್ಪಾ, ಕೊಡಮ್ಮಾ ಎಂದು ಗೋವಿಂದರಾಜು ಅಂಗಲಾಚಿದ. ಯಾವ ಮಗು ಕೊಟ್ಟೀತು? ಪುಸ್ತಕವನ್ನು ಅಂಗಿಯೊಳಗೆ ತೂರಿಸಿಕೊಂಡು, ಎದೆಗೆ ಅವಚಿಕೊಂಡು, ಶಾಮಿಯಾನದ ಪರದೆ ಎತ್ತಿ ಹಿಂದುಗಡೆಗೆ ನುಸುಳಿದವು. ನಡುವಿನ ಟ್ರಂಕು ಖಾಲಿ. ಸ್ಟೋರಿನವನ ಜೀವ, ಖಾಲಿ ಡಬ್ಬ ಸಾಹೇಬರಿಗೆ ತೋರಿಸಿ ಅಭ್ಯಾಸವಿಲ್ಲ. ಕೈಗೆ ಸಿಕ್ಕಿದ ತನ್ನ ಚೀಲವನ್ನೇ ಟ್ರಂಕಿಗೆ ಸುರಿದು, ಬೀಗ ಒತ್ತಿ, ರಿಬ್ಬನ್ ಎಳೆದು ನಿಲ್ಲಿಸಿದ.

ಹನುಮಂತರಾಯಪ್ಪ ಬಿಳಿ ರೇಷ್ಮೆ ಶರ್ಟಿನಲ್ಲಿ, ಫೋಟೋ ತೆಗೆಯುವ ಇಬ್ಬರು ಹುಡುಗರ ಸಮೇತ ವೇದಿಕೆ ಹತ್ತಿದ. ಇದ್ದದ್ದು ಮೂರು ಟ್ರಂಕು. ಅವನ ಕೈ ನೇರವಾಗಿ ನಡುವಿನದಕ್ಕೇ ಹೋಯಿತು. ರಿಬ್ಬನ್ ಕತ್ತರಿಸಿ, ಬೀಗ ಬಿಚ್ಚಿ, ಮುಚ್ಚಳ ತೆಗೆದು, ಕ್ಯಾಮೆರಾ ನೋಡಿ ನಗುತ್ತಲೇ ಒಂದು ಪುಸ್ತಕ ಎತ್ತಿದ. ಒಂದಕ್ಕೆ ಅಂಟಿ ಎಲ್ಲವೂ ಮೇಲೆ ಬಂದವು. ಬೆಳಿಗ್ಗೆಯಿಂದ ಬಿಸಿಲಲ್ಲಿ ಚೀಲದೊಳಗೆ ಬೆಂದು ಹಳೇ ಪುಸ್ತಕಗಳೆಲ್ಲ ಒಂದೇ ಇಟ್ಟಿಗೆಯಾಗಿದ್ದವು. ಕೊಡವಿದ, ಬಿಡಲಿಲ್ಲ. ಇನ್ನೊಂದು ಕೈಯಿಂದ ಕೀಳಲು ಹೋದ, ಆ ಕೈಯೂ ಅಂಟಿತು. ಚಿನ್ನದ ಉಂಗುರಗಳಿಂದ ಮೈದಾ ಶ್ಯಾವಿಗೆಯಂತೆ ಇಳಿದು ರೇಷ್ಮೆ ಶರ್ಟಿನ ಮೇಲೆ ಕೂತಿತು.

“ನಾನು ಕೊಟ್ಟಿದ್ದು ಇದಾ?” ಎಂದ ಹನುಮಂತರಾಯಪ್ಪ. ಮೈಕು ಆನ್ ಇತ್ತು, ಊರೆಲ್ಲ ಕೇಳಿತು.

ದೊಡ್ಡಬೀರಪ್ಪ ಗೋವಿಂದರಾಜುವಿನ ಕಡೆ ನೋಡಿದ ನೋಟಕ್ಕೆ ಹಸಿ ಸೌದೆ ಹತ್ತಿಕೊಳ್ಳಬೇಕು. ಗೋವಿಂದರಾಜು ನಾನೇ ತೆಗೆದೆ, ಮಕ್ಕಳಿಗೆ ಕೊಟ್ಟೆ, ಏನು ಮಾಡ್ಕೋತೀರೋ ಮಾಡ್ಕೊಳಿ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಫೋಟೋ ಹುಡುಗನೊಬ್ಬ ಹಿಂದಿನ ಪರದೆ ಎತ್ತಿ, ಇಲ್ನೋಡಿ ಅಣ್ಣ ಎಂದು ಕೂಗಿದ. ಹಿಂದೆ, ಹೊಂಗೆ ಮರದ ನೆರಳಲ್ಲಿ, ಊರಿನ ಮಕ್ಕಳೆಲ್ಲ ತಲೆ ಬಗ್ಗಿಸಿ ಓದುತ್ತಿದ್ದವು. ಹನುಮಂತರಾಯಪ್ಪ ಬಂದು ನಿಂತದ್ದೂ ಅವಕ್ಕೆ ತಿಳಿಯಲಿಲ್ಲ. ಹುಡುಗ ಪಟಪಟ ಫೋಟೋ ಹೊಡೆದ. ಅಣ್ಣ, ಇದು ಸಿಕ್ಕಾಪಟ್ಟೆ ಓಡುತ್ತೆ ಎಂದ.

ಹನುಮಂತರಾಯಪ್ಪನ ಮುಖ ಅರಳಿತು. ಕೈಗೆ ನೀರು ಹಾಕಿಸಿಕೊಂಡು ಮೈಕು ಹಿಡಿದ. ಇಂಥ ಓದುವ ಮಕ್ಕಳಿರುವ ಊರಿಗೆ ಈ ಕೊಟ್ಟಿಗೆಯಂಥ ಲೈಬ್ರರಿ ಅವಮಾನ, ನಾನೇ ಎರಡು ಅಂತಸ್ತಿನ ಹೊಸ ಕಟ್ಟಡ ಕಟ್ಟಿಸಿಕೊಡ್ತೀನಿ ಎಂದ. ಊರೆಲ್ಲ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಗೋವಿಂದರಾಜು.

“ಅದರ ಉದ್ಘಾಟನೆ ದಿವಸ ಈ ಪುಸ್ತಕಗಳನ್ನ ನನ್ನ ಕೈಯಾರೆ ಹಂಚ್ತೀನಿ,” ಎಂದು ಹನುಮಂತರಾಯಪ್ಪ ಮುಂದುವರಿಸಿದ. “ಅಲ್ಲೀತನಕ ಹೊಸದಾಗೇ ಇರ್ಬೇಕು. ವಾಪಸ್ ತುಂಬ್ಸಿ ಬೀಗ ಹಾಕಿ. ಯಾರಾದ್ರೂ ಜವಾಬ್ದಾರಿ ಮನುಷ್ಯನ ಮನೇಲಿಡಿ.”

ಗೋವಿಂದರಾಜುವಿನ ಚಪ್ಪಾಳೆ ಅರ್ಧಕ್ಕೇ ನಿಂತಿತು.

ದೊಡ್ಡಬೀರಪ್ಪ ಮೀಸೆಯಡಿಯಲ್ಲಿ ನಕ್ಕ. “ಇಲ್ಲೇ ಇದ್ದಾನಲ್ಲಣ್ಣ, ನಮ್ಮ ಗೋವಿಂದರಾಜು. ಫ್ಯಾಕ್ಟ್ರೀಲಿ ಸ್ಟೋರ್ ನೋಡ್ಕೊಂಡಿದ್ದೋನು. ಒಂದು ನಟ್ಟು ಆಚೆಗೆ ಬಿಟ್ಟೋನಲ್ಲ.”

ಬೇಡವೆನ್ನಲು ಬಿಟ್ಟರೆ ತಾನೆ? ಕೊರಳಿಗೆ ಹಾರ ಬಿತ್ತು, ಬೀಗದಕೈ ಕೊಡುವ ಫೋಟೋ ಆಯಿತು. ಆಮೇಲೆ ದೊಡ್ಡಬೀರಪ್ಪನೇ ಅವನನ್ನು ಹೊಂಗೆ ಮರದಡಿಗೆ ಕರೆದುಕೊಂಡು ಹೋಗಿ, ಈಸ್ಕೊ ಎಂದು ಎದುರಿಗೇ ನಿಂತ. ಗೋವಿಂದರಾಜು ಒಂದೊಂದೇ ಕೈಯಿಂದ ಪುಸ್ತಕ ಬಿಡಿಸಿಕೊಂಡ. ಅರ್ಮಾನ್ ಎಸೆದ ಹಾಗೆ ಕೊಟ್ಟ. ಕೀರ್ತನ ಕೊಡಲಿಲ್ಲ, ಎರಡೂ ಕೈಯಿಂದ ಹಿಡಿದುಕೊಂಡು, “ಒಂದೇ ಒಂದು ಪುಟ ಐತೆ ಮಾಮ, ಕೊನೇದು,” ಎಂದಳು. ದೊಡ್ಡಬೀರಪ್ಪ ಕೆಮ್ಮಿದ. ಗೋವಿಂದರಾಜು ಅವಳ ಮುಖ ನೋಡದೆ ಪುಸ್ತಕ ಎಳೆದುಕೊಂಡ. ಬೇಲಿಯ ಹತ್ತಿರ ನಿಂತಿದ್ದ ಅಕ್ಷತ ಅದನ್ನು ನೋಡಿ ಸರಕ್ಕನೆ ಒಳಗೆ ಹೋದಳು.

ಸಂಜೆಗೆ ಮೊದಲು ಮೂರು ಟ್ರಂಕೂ ಗೋವಿಂದರಾಜುವಿನ ನಡುಮನೆಗೆ ಬಂದು ಕೂತವು. ಮುಚ್ಚಳದ ಮೇಲಿನ ಮೂರು ಹನುಮಂತರಾಯಪ್ಪಂದಿರೂ ಮುನಿಗಂಗಮ್ಮನಿಗೆ ಕೈಮುಗಿದು ನಕ್ಕರು. ಈ ಸಲ ಜಾಣತನ ನಡೆಯದಿರಲೆಂದು ದೊಡ್ಡಬೀರಪ್ಪ ಬೀಗಗಳ ಮೇಲೆ ಅರಗು ಸುರಿದು ಪಂಚಾಯಿತಿಯ ಮೊಹರು ಒತ್ತಿ, ಕೀ ಕಳೀಬೇಡ, ಸೊಂಟಕ್ಕೆ ಕಟ್ಕೊ ಎಂದು ತಾನೇ ನಿಂತು ಕಟ್ಟಿಸಿ ಹೋದ.

“ಲೈಬ್ರರಿ ಖಾತೆ ಮಾಡ್ಕೊಟ್ರು ಬಿಡಿ,” ಎಂದಳು ಮುನಿಗಂಗಮ್ಮ.

ಗೋವಿಂದರಾಜು ಟ್ರಂಕಿನ ಮೇಲೆ ಕುಸಿದು ಕೂತ. ಫೋನು ಹೊಡೆದುಕೊಂಡಿತು. ಅಕ್ಷತ.

“ಅಣ್ಣ, ನೀವು ಮಕ್ಕಳ ಕೈಯಿಂದ ಪುಸ್ತಕ ಈಸ್ಕೊಳೋದು ನೋಡಿ ನನ್ನ ಕೈಲಿ ತಡೆಯಕ್ಕಾಗಲಿಲ್ಲ. ಕೆಲಸ ಹೋದ್ರೆ ಹೋಗ್ಲಿ. ನಿಮ್ಮ ಅರ್ಜಿಗೆ ಸೈನ್ ಹಾಕ್ಬಿಟ್ಟೆ. ಹೊಸಕೋಟೆ ಪೋಸ್ಟಾಫೀಸಲ್ಲಿದ್ದೀನಿ.”

ಗೋವಿಂದರಾಜುವಿನ ಕಣ್ಣು ಒದ್ದೆಯಾಯಿತು. ಸಂಕ್ರಾಂತಿಯಿಂದ ಈ ಒಂದು ಮಾತಿಗೆ ಕಾದಿದ್ದ. ಎಂಥ ಅರ್ಜಿ ಅದು. ದೊಡ್ಡಬೀರಪ್ಪನ ಹೆಸರು ಬರೆಯಲು ಎದೆ ಸಾಲದೆ ಅವನು ಯಾರ ಹೆಸರನ್ನೂ ಹಾಕಿರಲಿಲ್ಲ. ಆದರೆ ಗುರುತು ಮಾತ್ರ ತಪ್ಪದಂತೆ ಕೊಟ್ಟಿದ್ದ. ಸದರಿ ಪುಸ್ತಕದ ಪೆಟ್ಟಿಗೆಗಳ ಬೀಗದಕೈಯನ್ನು ಯಾವ ಮನುಷ್ಯ ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದಾನೋ ಅವನು ಈ ಊರ ಮಕ್ಕಳ ಶತ್ರು. ತಾವು ದಯಮಾಡಿ ಖುದ್ದಾಗಿ ಬಂದು, ಅವನ ಸೊಂಟ ತಡಕಿ, ಅವನು ಎಂಥವನೇ ಆಗಿರಲಿ, ಯಾವ ಸಬೂಬನ್ನೂ ಕೇಳದೆ ಕಠಿಣ ಕ್ರಮ ಜರುಗಿಸಬೇಕು.

ಅವನ ಕೈ ತಾನಾಗಿ ಸೊಂಟಕ್ಕೆ ಹೋಯಿತು.

“ಅಕ್ಷತಾ,” ಎಂದ, “ಇನ್ನೊಂದ್ ವಾರ ನೋಡೋಣ ಕಣಮ್ಮ.”

“ನೀವೇನೂ ಹೆದರ್ಕೋಬೇಡಿ ಅಣ್ಣ,” ಎಂದಳು ಅಕ್ಷತ. ಆಮೇಲೆ ಕೌಂಟರಿನವನಿಗೆ ಏನೋ ಹೇಳಿದಳು. ಫೋನಿನ ಆ ಕಡೆಯಿಂದ ಅಂಚೆ ಮೊಹರು ಠಪ್ಪೆಂದು ಬಿದ್ದದ್ದು ಗೋವಿಂದರಾಜುವಿಗೆ ಸ್ಪಷ್ಟವಾಗಿ ಕೇಳಿಸಿತು.