ಹಂಡೆಯ ತಾಮ್ರ ಹಿಡಿದ ಕಾಕಾ

ತಪ್ಪು ನನ್ನದೇ, ಮೊದಲೇ ಒಪ್ಪಿಬಿಡುತ್ತೇನೆ. ಕಾಕಾನ ಮೂರು ತಿಂಗಳ ಸಂಶೋಧನೆಯನ್ನು ಒಂದೇ ಹಂಡೆಯಲ್ಲಿ ಮುಗಿಸಿದವನು ನಾನು. ಅದೊಂದು ಬಿಟ್ಟರೆ ನಾನು ಬುದ್ಧಿವಂತ.

ಕಾಕಾನಂಥವನು ಇಳಕಲ್ಲಿನಿಂದ ಬಾದಾಮಿಯವರೆಗೆ ಇನ್ನೊಬ್ಬನಿಲ್ಲ. ಒಬ್ಬನೇ ಸಾಕೆಂದು ಎರಡೂ ಊರಿನವರು ಒಪ್ಪುತ್ತಾರೆ! ಬಾಗಲಕೋಟೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅವನಿಗೆ ಇದ್ದದ್ದು ಒಂದೇ ಹುಚ್ಚು: ಲೋಹದ ಕಣವನ್ನು ಸುತ್ತಲಿಂದ ಅಪ್ಪಿ ಹಿಡಿಯುವ ಅಣು, ಅಂದರೆ ಲೈಗ್ಯಾಂಡ್. ಅದು ನೀರಿನಲ್ಲಿ ಕರಗಬೇಕು, ಹಿಡಿದದ್ದನ್ನು ಬಿಡಬಾರದು. ಹೇಗೆ ಹಿಡಿಯುತ್ತದೆಂದು ಯಾರಾದರೂ ಕೇಳಿದರೋ, ಅವರನ್ನೇ ಹಿಡಿದು ತೋರಿಸುವನು. ಹುನಗುಂದದಲ್ಲಿ ಹಾಗೆ ಸಿಕ್ಕಿಬಿದ್ದ ಬಸ್ ಕಂಡಕ್ಟರ್, "ಬಿಡ್ರಿ ಸರ, ಟಿಕೀಟ ಕೊಡದ ನಾ ಎಲ್ಲೀ ಹೋಗಂಗಿಲ್ಲ" ಎಂದಿದ್ದ.

ಕೆರೂರಿಗೆ ಹೆಣ್ಣು ನೋಡಲು ಹೋದಾಗ ತಟ್ಟೆಯ ಉಂಡಿಯೇ ಲೋಹವಾಯಿತು. ಹತ್ತೂ ಬೆರಳುಗಳಿಂದ ಅದನ್ನು ಹಿಡಿದು ಅರ್ಧ ತಾಸು ವಿವರಿಸಿದ. "ತಮ್ಮಾ, ಅದನ್ನ ತಿನ್ನು, ಇಲ್ಲಾ ಕೆಳಗಿಡು" ಎಂದರು ಹುಡುಗಿಯ ಅಪ್ಪ. ಕಾಕಾ ಉಂಡಿ ಹಿಡಿದುಕೊಂಡೇ ಬಸ್ಸು ಹತ್ತಿದ. ಇದನ್ನು ಮದುವೆಮನೆಗಳಲ್ಲಿ ನಟಿಸಿ ತೋರಿಸಿ ನಾನು ಎಷ್ಟು ಹೋಳಿಗೆ ಗಿಟ್ಟಿಸಿದ್ದೇನೋ!

ಆದರೆ ಆ ಹುಚ್ಚಿನ ಬೇರು ಇದ್ದದ್ದು ಇಳಕಲ್ಲಿನ ನಮ್ಮ ಮನೆಯ ಬಣ್ಣದ ಕೋಣೆಯಲ್ಲಿ. ಕಾಕಾನ ತಾಯಿ, ನನ್ನ ಆಯಿ, ಸೀರೆಯ ಸೆರಗಿನ ನೂಲಿಗೆ ಕೆಂಪು ಹಾಕುವವಳು. ಒದ್ದೆ ನೂಲಿನ ಆ ವಾಸನೆ ನನಗಿನ್ನೂ ಮೂಗಿನಲ್ಲಿದೆ. ಬೋರ್‌ವೆಲ್ ನೀರಿನ ಕಬ್ಬಿಣದಿಂದ ಅವಳ ಕೆಂಪು ಮಂಕಾಗುತ್ತಿತ್ತು. ನೇಕಾರರು ನೂಲು ತಿರುಗಿ ಕಳಿಸತೊಡಗಿದ ಮೇಲೆ, "ದೀಪಾವಳಿಗೆ ಬಣ್ಣದ ಒಲಿ ಆರಸ್ತೇನಿ" ಎಂದುಬಿಟ್ಟಳು. ಆ ಕಬ್ಬಿಣವನ್ನು ಕಟ್ಟಿಹಾಕುವ ಅಣುವನ್ನು ಕಾಕಾ ಅಂತೂ ಒಂದು ಬಾಟಲಿಯಷ್ಟು ಮಾಡಿ ತಂದ. ಇದ್ದದ್ದೂ ಅಷ್ಟೇ.

"ಸ್ಟೀಲ್ ಬೋಗಾಣಿಯೊಳಗ ನೀರು ಹಿಡಿದು ಇದನ್ನ ಹಾಕಿಡಪಾ. ನಾಳೆ ಬಣ್ಣಾ ಹಾಕೋಣು" ಎಂದು ನನಗೆ ಹೇಳಿದ. ಶುಭಕಾರ್ಯಕ್ಕೆ ಯಾರಾದರೂ ಸ್ಟೀಲ್ ಇಡುತ್ತಾರೆಯೇ? ಆಯಿ ಹುಣಸೆಹಣ್ಣಿನಿಂದ ತಿಕ್ಕಿಟ್ಟಿದ್ದ ತಾಮ್ರದ ಹಂಡೆಗೆ ನೀರು ತುಂಬಿ, ಬಾಟಲಿ ಪೂರ್ತಿ ಸುರಿದೆ. ಮರುದಿನ ನೋಡಿದರೆ ನೀರು ನವಿಲಿನ ಕೊರಳಿನಷ್ಟು ನೀಲಿ! ಕಾಕಾನ ಅಣು ಕಬ್ಬಿಣ ಬಿಟ್ಟು ಹಂಡೆಯ ತಾಮ್ರವನ್ನೇ ಅಪ್ಪಿಕೊಂಡಿತ್ತು.

ಕಾಕಾ ಬೈಯಲಿಲ್ಲ. ಹೊಸ್ತಿಲ ಬಳಿ ಕುಸಿದು ಕುಳಿತ. ನಾನು ಅವನದೇ ದನಿ ತೆಗೆದು, "ಭಾಳ ಘಟ್ಟಿ ಹಿಡದೈತ್ರಿ" ಎಂದೆ. ಯಾರೂ ನಗಲಿಲ್ಲ.

"ಮತ್ತ ಮಾಡಾಕ ಮೂರು ತಿಂಗಳು ಬೇಕವ್ವಾ" ಎಂದ ಕಾಕಾ, ತಲೆ ಎತ್ತದೆ. "ದೀಪಾವಳಿ ದಾಟಿ ಹೋಗತೈತಿ."

ಆಯಿ ನೀಲಿ ನೀರಿನಲ್ಲಿ ಬೆರಳದ್ದಿ, ಸೆರಗಿಗೆ ಒರೆಸಿಕೊಂಡಳು.

"ಯಾವ ವರ್ಷದ ದೀಪಾವಳಿ ಅಂತ ನಾ ಹೇಳೇನೇನು? ಏಳು, ಉಣ್ಣು."